ಕಟಕ್ ಅಂದದ್ದು ಗಾಡಿ, ಗಿರಾಕಿ ಅಲ್ಲ

ಗದಗಿನ ಆ ಬೈಕ್ ಶೋರೂಮಿನ ಗೇಟಿಗೆ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನ ಮೇಲೆ ಮಾರ್ಕರ್ ಪೆನ್ನಿನಿಂದ ಎರಡು ಶಬ್ದ ಗೀಚಿದವನು ನಾನೇ. ಯಾರೋ ಕಿಡಿಗೇಡಿಗಳ ಕೆಲಸ ಎಂದು ಅಲ್ಲಿಯವರು ಬಹುವಚನದಲ್ಲಿ ಬೈಯುತ್ತಿದ್ದಾರಂತೆ. ಅಷ್ಟು ಗೌರವ ಬೇಡ. ಕಿಡಿಗೇಡಿ ಒಬ್ಬನೇ, ಲಕ್ಷ್ಮೇಶ್ವರದವನು. ಹಾಡಹಗಲೇ ಬಂದು, ಗೇಟ್ ಕಾಯುವವನ ಹತ್ತಿರವೇ ಸ್ಟೂಲು ಇಸಕೊಂಡು, ಬರೆದು, ಸ್ಟೂಲು ವಾಪಸು ಕೊಟ್ಟು ಹೋದ.

ಫ್ಲೆಕ್ಸಿನಲ್ಲಿ ತೀರಿಕೊಂಡವರ ಫೋಟೋ ಇತ್ತು. ಹಿಂದೆ ನೀಲಿ ಆಕಾಶ, ಒಂದು ಜೋಡಿ ಪಾರಿವಾಳ, ಇಂಥ ಸಂದರ್ಭವನ್ನೂ ಬಿಡಬಾರದೆಂದು ಮೂಲೆಯಲ್ಲಿ ಹೊಸ ಮಾಡೆಲ್ಲಿನ ಬೈಕು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಸಂಸ್ಥೆಯ ಆಧಾರಸ್ತಂಭ, ನಮ್ಮ ಕುಟುಂಬದ ಹಿರಿಯರು’ ಎಂದಿತ್ತು. ಅದರ ಪಕ್ಕಕ್ಕೆ ಕಂಸ ಹಾಕಿ ನಾನು ಬರೆದದ್ದು ಇಷ್ಟೇ: ಸಂಸ್ಥೆಯ ಪ್ರಕಾರ.

ಇದು ಯಾಕೆ ಬೈಗುಳ ಎಂದು ತಿಳಿಯಬೇಕಾದರೆ ಅವರು ಯಾರೆಂದು ಹೇಳಬೇಕು. ಹೇಳುತ್ತ ಹೋದರೆ ನನಗೆ ಸಿಟ್ಟು ಬರುತ್ತದೆ. ಬರಲಿ.

ಗಿರಾಕಿಗಳೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದರು. ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ ಕೂತು, ಗಾಡಿ ತಂದವರು ಹೇಳಿದ ತಕರಾರನ್ನು ಜಾಬ್ ಕಾರ್ಡಿನಲ್ಲಿ ಬರೆದು ಒಳಗೆ ಮೆಕ್ಯಾನಿಕ್ಕರ ಕಡೆ ಕಳಿಸುವುದು ಅವರ ಕೆಲಸ. ಬೆಟಗೇರಿಯ ನೇಕಾರರ ಮನೆತನ. ಕೌಂಟರಿನ ಪೆನ್ನು ಯಾರೂ ಒಯ್ಯಬಾರದೆಂದು ಎಲ್ಲ ಕಡೆ ಸುತಳಿಯಲ್ಲಿ ಕಟ್ಟಿರುತ್ತಾರೆ; ಇವರು ರೇಷ್ಮೆ ನೂಲಿನಲ್ಲಿ ಕಟ್ಟಿದ್ದರು. ಬೈಕು ಹೊಡೆಯಲು ಅವರಿಗೆ ಬರುತ್ತಿರಲಿಲ್ಲ. ಬೆಟಗೇರಿಯಿಂದ ಸಿಟಿ ಬಸ್ಸಿನಲ್ಲಿ ಬಂದು, ದಿನವಿಡೀ ಬೈಕುಗಳ ನಡುವೆ ಕೂತು, ಬಸ್ಸಿನಲ್ಲೇ ಮನೆಗೆ ಹೋಗುತ್ತಿದ್ದರು. ಗಾಡಿ ಹೊಡೆಯಲು ಬಾರದವರು ಗಾಡಿಯ ರೋಗ ಹೆಂಗ ಬರಿತೀರಿ ಎಂದು ಯಾರೋ ಕೆಣಕಿದಾಗ ಅವರು ತಲೆ ಎತ್ತದೆ ಹೇಳಿದ್ದು ನನಗೆ ಈಗಲೂ ನೆನಪಿದೆ. “ದವಾಖಾನ್ಯಾಗ ಚೀಟಿ ಬರಿಯಾಂವಗ ಎಲ್ಲಾ ಬ್ಯಾನಿ ಬಂದಿರಬೇಕನು?”

ಅವರಿಗೆ ಇಂಜಿನ್ನಿನ ತಿಳಿವಳಿಕೆ ಅಷ್ಟಕ್ಕಷ್ಟೇ. ಚೈನಿನ ಆವಾಜನ್ನು ಬ್ರೇಕಿನದೆಂದು, ಬ್ರೇಕಿನದನ್ನು ನಂಬರ್ ಪ್ಲೇಟಿನದೆಂದು ಧೈರ್ಯವಾಗಿ ಊಹಿಸುತ್ತಿದ್ದರು. ಒಳಗಿನ ಮೆಕ್ಯಾನಿಕ್ಕರು ನಗುತ್ತಿದ್ದರು. ಆದರೆ ಗಿರಾಕಿ ಏನು ಹೇಳಿದನೋ ಅದನ್ನು ಮಾತ್ರ ಒಂದಕ್ಷರ ಆಚೀಚೆ ಮಾಡುತ್ತಿರಲಿಲ್ಲ. ನಮ್ಮ ಕಡೆಯ ಮಂದಿ ಗಾಡಿಯ ತಕರಾರನ್ನು ಹೇಗೆ ಹೇಳುತ್ತಾರೆ ಎಂದು ನಿಮಗೆ ಗೊತ್ತು. ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ, ಅದು ಏನನ್ನುತ್ತದೆ ಎಂದು ಹೇಳುತ್ತಾರೆ. ಕುಂಯ್ ಅಂತೈತಿ, ಗೊರ್ ಅಂತೈತಿ, ಬುಸ್ ಅಂದು ಸುಮ್ಮನಾಗತೈತಿ. ಕಾಕಾ ಅದನ್ನು ಹಾಗೇ ಬರೆಯುತ್ತಿದ್ದರು. ಕೊರ್ಲಹಳ್ಳಿಯ ಒಬ್ಬ ರೈತನ ಜೊತೆ ಅವರು ಗುರ್ ಎನ್ನುವುದೋ ಗೊರ್ ಎನ್ನುವುದೋ ಎಂದು ಬಹಳ ಹೊತ್ತು ಚರ್ಚೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಅವನು, ಮುಂಜಾನಿ ಗುರ್ ಅಂತೈತ್ರಿ, ಬಿಸಲೇರಿತಂದ್ರ ಗೊರ್ ಅಂತೈತಿ ಎಂದ. ಕಾಕಾ ಎರಡನ್ನೂ ಬರೆದು, ಬಿಸಿಲನ್ನೂ ಬರೆದರು.

ಈಗ ನನ್ನ ಗಾಡಿಯ ವಿಷಯ. ಲಕ್ಷ್ಮೇಶ್ವರದಲ್ಲಿ ನಮ್ಮದು ಅರಿವೆ ಅಂಗಡಿ. ನಾನು ಅಂಗಡಿಯಲ್ಲಿ ಕೂತು ಅಳೆಯುವುದು ಕಡಿಮೆ, ಬಂದವರ ಅಣಕ ಮಾಡುವುದು ಹೆಚ್ಚು. ಅಪ್ಪ ಸೀನುವುದನ್ನು, ಸ್ವಾಮಿಗಳು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವುದನ್ನು, ಶಿರಹಟ್ಟಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುವುದನ್ನು ಮಾಡಿ ತೋರಿಸಿದರೆ ಮದುವೆ ಮನೆಯಲ್ಲಿ ನನಗೆ ಎರಡನೇ ಹೋಳಿಗೆ ಗ್ಯಾರಂಟಿ. ಇಂಥ ಗಂಭೀರ ಮನುಷ್ಯನಿಗೆ ನಾಲ್ಕುನೂರು ಸಿಸಿಯ ಬೈಕು ಬೇಕೆನಿಸಿತು. ಅಪ್ಪ ಮೊದಲ ಸಲ ಅದನ್ನು ನೋಡಿದಾಗ, ಇದನ್ನ ಕಟ್ಟಾಕ ಗೂಟ ಎಲ್ಲಿ ಬಡೀಲಿ ಎಂದು ಕೇಳಿದ. ಆದರೂ ಕೊಡಿಸಿದ. ಒಂದು ಕರಾರು ಹಾಕಿದ: ದೀಪಾವಳಿ ಪಾಡ್ಯದ ದಿನ, ಭಟ್ಟರು ಹೇಳಿದ ಮುಹೂರ್ತದಲ್ಲಿ ಗಾಡಿ ಶೋರೂಮಿನ ಗೇಟು ದಾಟಬೇಕು.

ಅಪ್ಪನಿಗಷ್ಟೇ ಭಟ್ಟರಿದ್ದಾರೆಯೇ? ಇಡೀ ಜಿಲ್ಲೆಯ ಭಟ್ಟರು ಅದೇ ಗಳಿಗೆಯನ್ನು ಕೊಟ್ಟಿದ್ದರು. ಆ ದಿನ ಶೋರೂಮು ಸಂತೆಯಾಗಿತ್ತು. ಎಲ್ಲರ ಕೈಯಲ್ಲೂ ಕಾಯಿ, ಕರ್ಪೂರ, ನಿಂಬೆಹಣ್ಣು. ಎಲ್ಲರ ಕಣ್ಣೂ ಗೋಡೆ ಗಡಿಯಾರದ ಮೇಲೆ. ನನ್ನ ಗಾಡಿಯ ಮುಂದಿನ ಗಾಲಿಯ ಹತ್ತಿರ ಒಬ್ಬ ಮೆಕ್ಯಾನಿಕ್ ನಟ್ಟು ತಿರುವುವ ಪಾನಾ ಹಿಡಿದು ಹ್ಯಾಂಡಲ್ಲಿನ ಕುತ್ತಿಗೆ ಕಡೆ ಏನೋ ನೋಡುತ್ತಿದ್ದ. ಅಪ್ಪ ಅವನ ಬೆನ್ನು ತಟ್ಟಿ, ಏಳಪಾ ಏಳು, ರಾಹುಕಾಲ ಬಂತು, ಬಿಗಿ ಮಾಡೂದು ಆಮ್ಯಾಲ ಮಾಡೀಯಂತ ಎಂದ. ಮೆಕ್ಯಾನಿಕ್ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್, ಹೂಂ, ಕೊಟ್ಟ ಕಳಿಸು ಅಂದ. ನಿಂಬೆಹಣ್ಣು ಪಿಚಕ್ ಅಂದಿತು, ಗಾಡಿ ಗೇಟು ದಾಟಿತು, ನಾವು ಕೃತಾರ್ಥರಾದೆವು.

ದೊಡ್ಡ ಗಾಡಿ ಕೊಂಡವನ ಮೊದಲ ದಿನಗಳ ಅಪಮಾನವನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾವಿರ ಕಿಲೋಮೀಟರ್ ಆಗುವವರೆಗೆ ಮೆಲ್ಲಗೆ ಹೊಡಿಬೇಕು, ಇಂಜಿನ್ ಪಳಗಬೇಕು ಎಂದಿದ್ದರು. ನಾನು ಹೆಲ್ಮೆಟ್ಟು, ಗ್ಲೌಸು, ಮೊಣಕಾಲಿನ ಕವಚ ಎಲ್ಲ ಏರಿಸಿಕೊಂಡು ಮುಂಡರಗಿ ರಸ್ತೆಯಲ್ಲಿ ಹೋಗುತ್ತಿದ್ದರೆ ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರ್ ಹಾರ್ನ್ ಹೊಡೆದು ದಾಟಿ ಹೋಗುತ್ತಿತ್ತು. ಹಮ್ಮಿಗಿಯ ಹಾಲಿನವನೊಬ್ಬ ಮೊಪೆಡ್ಡಿನ ಮೇಲೆ ಕ್ಯಾನುಗಳ ನಡುವಿಂದ ತಿರುಗಿ ನೋಡಿ, ಪೆಟ್ರೋಲ್ ಬೇಕನೋ ತಮ್ಮಾ ಎಂದು ಕೇಳಿದ.

ಅದೇ ದಿನಗಳಲ್ಲಿ ಆ ಆವಾಜು ಸುರುವಾಯಿತು. ಇಳಿಜಾರಿನಲ್ಲಿ ಮುಂದಿನ ಬ್ರೇಕು ಒತ್ತಿದರೆ ಹ್ಯಾಂಡಲ್ಲಿನ ಬುಡದಲ್ಲಿ ಕಟಕ್. ಒಂದೇ ಸಲ, ಬಾಗಿಲ ಅಗಳಿ ಬಿದ್ದಂತೆ. ಸಪಾಟು ರಸ್ತೆಯಲ್ಲಿ ಇಲ್ಲ, ಊರೊಳಗೆ ಇಲ್ಲ. ಲಕ್ಷ್ಮೇಶ್ವರದ ಗ್ಯಾರೇಜಿನವರು, ದೊಡ್ಡ ಗಾಡಿ, ಹೊರಗ ಬಿಚ್ಚಿದ್ರ ವಾರಂಟಿ ಹೊಕ್ಕೈತಿ ಎಂದು ಕೈ ಹಚ್ಚಲಿಲ್ಲ. ಮೊದಲ ಸರ್ವಿಸ್ಸಿಗೆ ಗದಗಿಗೆ ಹೋದಾಗ ಕೌಂಟರಿನಲ್ಲಿ ಹೇಳಿದೆ.

ಕಾಕಾ ಕನ್ನಡಕ ತೆಗೆದಿಟ್ಟರು. ನೋಡುವುದಕ್ಕೆ ಕನ್ನಡಕ ಹಾಕುವವರನ್ನು ಕಂಡಿದ್ದೆ. ಕೇಳುವುದಕ್ಕೆ ಕನ್ನಡಕ ತೆಗೆಯುವವರನ್ನು ಅದೇ ಮೊದಲು ಕಂಡದ್ದು. ಕಣ್ಣು ಮುಚ್ಚಿ, ಏನಂತೈತಿ ಎಂದು ಕೇಳಿದರು. ನನ್ನ ವಿದ್ಯೆ ಎಲ್ಲಿ ಬಿಟ್ಟೇನು? ನಾಲಿಗೆಯನ್ನು ಮೇಲಕ್ಕೆ ಅಂಟಿಸಿ, ಕೆನ್ನೆ ಒಳಗೆಳೆದು, ಬ್ರೇಕಿನ ಸರಕ್ ಸಮೇತ ಕಟಕ್ ಅನ್ನಿಸಿದೆ. ಸಾಲಿನಲ್ಲಿ ನಿಂತವರು ನಕ್ಕರು. ಕಾಕಾ ನಗಲಿಲ್ಲ. “ಇನ್ನೊಮ್ಮಿ ಅನ್ನಸು” ಎಂದರು. ಇನ್ನೊಮ್ಮೆ ಅನ್ನಿಸಿದೆ. ಅವರು ಬರೆದರು: ‘ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಕಟಕ್ ಅಂತೈತಿ.’

ಆಮೇಲೆ ನಾನು ಗದಗಿಗೆ ಹೋದಾಗಲೆಲ್ಲ ಕೌಂಟರಿನ ಮುಂದೆ ನಿಂತು ಅವರದೇ ಅಣಕ ಮಾಡತೊಡಗಿದೆ. ಕನ್ನಡಕ ತೆಗೆಯುವುದು, ಕಣ್ಣು ಮುಚ್ಚುವುದು, ಇನ್ನೊಮ್ಮಿ ಅನ್ನಸು. ಒಂದು ದಿನ ಅವರು ನನ್ನ ಹಿಂದೆಯೇ ಚಹಾ ಹಿಡಿದು ನಿಂತಿದ್ದರು. ಅವರು ಶಾಂತವಾಗಿ, ಕೈ ಸರಿ ಐತಿ, ಆದ್ರ ನಾ ಮೂಗಿನಾಗ ಮಾತಾಡಂಗಿಲ್ಲ, ನನಗ ನೆಗಡಿ ಆದಾಗ ನೋಡಿ ಕಲ್ತೀದಿ ನೀ ಎಂದು ತಿದ್ದಿದರು. ತಿದ್ದಿಕೊಂಡೆ.

ಇನ್ನು ಆ ಮ್ಯಾನೇಜರ್. ಹುಬ್ಬಳ್ಳಿಯವನು, ಕೊರಳಿಗೆ ಟೈ, ಪ್ರತಿ ಮಾತಿನ ಮುಂದೆ ಒಂದು ಆ್ಯಕ್ಚುಲಿ. ಅವನ ಅಣಕ ಮಾಡಲು ನನಗೆ ಎಂದೂ ಶ್ರಮ ಬಿದ್ದಿಲ್ಲ, ಅವನೇ ಯಾರದೋ ಅಣಕದಂತಿದ್ದ. ಅವನು ಕೌಂಟರಿಗೆ ಒಂದು ನಿಯಮ ತಂದಿದ್ದ. ಗಿರಾಕಿ ಏನೇ ಹೇಳಲಿ, ಅದರ ಮುಂದೆ ‘ಗ್ರಾಹಕರ ಪ್ರಕಾರ’ ಎಂದು ಬರೆಯಬೇಕು. ಗ್ರಾಹಕರ ಪ್ರಕಾರ ಬ್ರೇಕು ಹಿಡಿಯುವುದಿಲ್ಲ. ಗ್ರಾಹಕರ ಪ್ರಕಾರ ಎಣ್ಣೆ ಸೋರುತ್ತದೆ. ನೆಲದ ಮೇಲೆ ಎಣ್ಣೆ ಹರಿದು ಮ್ಯಾನೇಜರನ ಬೂಟಿಗೆ ಹತ್ತಿದ್ದರೂ ಅದು ಗ್ರಾಹಕರ ಪ್ರಕಾರವೇ. ನೋಡಲು ಸಭ್ಯ ಮಾತು. ಅದರ ಅರ್ಥ, ಈ ಮನುಷ್ಯ ಸುಳ್ಳು ಹೇಳುತ್ತಿರಬಹುದು, ನಮಗೆ ಸಂಬಂಧವಿಲ್ಲ ಎಂದು.

ಕಾಕಾ ಅದನ್ನು ಬರೆಯಲಿಲ್ಲ. ಕೇಳಿದರೆ, ಕಟಕ್ ಅಂದದ್ದು ಗಾಡಿರಿ, ಗಿರಾಕಿ ಅಲ್ಲ, ಗಾಡಿ ಅಂದದ್ದನ್ನ ಗಿರಾಕಿ ಮ್ಯಾಲ ಯಾಕ ಹಾಕೂದು ಎನ್ನುತ್ತಿದ್ದರು. ಮ್ಯಾನೇಜರ್ ಅವರ ಜೊತೆ ವಾದ ಮಾಡಲಿಲ್ಲ. ಕಾಕಾ ಕೈಯಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಹಾಕುವ ಹುಡುಗಿಗೆ ಹೇಳಿಬಿಟ್ಟ. ಹೀಗಾಗಿ ಕೌಂಟರಿನಲ್ಲಿ ‘ಗಾಡಿ ಕಟಕ್ ಅಂತೈತಿ’ ಎಂದಿದ್ದದ್ದು ಕಂಪನಿಗೆ ಹೋಗುವಾಗ ‘ಗ್ರಾಹಕರ ಪ್ರಕಾರ ಶಬ್ದ’ ಎಂದಾಗಿ ಹೋಯಿತು. ನನ್ನ ಗಾಡಿ ತೊಳೆಸಿಕೊಂಡು, ಚೈನಿಗೆ ಎಣ್ಣೆ ಹಚ್ಚಿಸಿಕೊಂಡು, ಸೀಟಿನ ಮೇಲೆ ಗುಲಾಬಿ ಇಟ್ಟುಕೊಂಡು ಹೊರಗೆ ಬಂತು. ಸಪಾಟು ಸ್ಟೇಶನ್ ರಸ್ತೆಯಲ್ಲಿ ಹೊಡೆದು ನೋಡಿದರಂತೆ, ಶಬ್ದವಿಲ್ಲವಂತೆ, ಹೊಸ ಗಾಡಿ ಹೊಂದಿಕೊಳ್ಳುತ್ತದಂತೆ. ಮನೆಗೆ ಹೋಗುವ ದಾರಿಯ ಮೊದಲ ಇಳಿಜಾರಿನಲ್ಲಿ ಅದು ಕಟಕ್ ಅಂದಿತು.

ಆ ನಡುವೆ ನಾನು ದೊಡ್ಡ ಗಾಡಿಯವರು ಮಾಡುವ ಹುಚ್ಚುಗಳನ್ನೆಲ್ಲ ಮಾಡಿದೆ. ಹುಬ್ಬಳ್ಳಿಗೆ ಹೋಗಿ ಮೂಲ ಸೈಲೆನ್ಸರ್ ಬಿಚ್ಚಿಸಿ ಬೇರೆಯದು ಹಾಕಿಸಿದೆ. ಸ್ಟಾರ್ಟ್ ಮಾಡಿದರೆ ಓಣಿಯ ಕೂಸುಗಳು ಏಳುತ್ತಿದ್ದವು, ಅಪ್ಪ ಲೆಕ್ಕ ತಪ್ಪುತ್ತಿದ್ದ. ಅಗಲದ ಹ್ಯಾಂಡಲ್, ಮಂಜಿನ ದೀಪ, ಇಂಜಿನ್ನಿಗೆ ಕಬ್ಬಿಣದ ಗಾರ್ಡು. ಲಕ್ಷ್ಮೇಶ್ವರದಲ್ಲಿ ಮಂಜು ಎಲ್ಲಿದೆ ಎಂದು ಕೇಳಬೇಡಿ. ಕಾಕಾ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಂಪನಿಯವರು ಇದನ್ನ ಬರೇ ಮೈಲೆ ಕಳಿಸಿದ್ರನು ಎಂದಷ್ಟೇ ಕೇಳಿದರು. ಮೂಲ ಹ್ಯಾಂಡಲ್ಲು, ಸೈಲೆನ್ಸರು ಒಗಿಬ್ಯಾಡ, ಅಟ್ಟದ ಮ್ಯಾಲ ಇಡು ಎಂದೂ ಹೇಳಿದರು.

ಒಂದು ಮಧ್ಯಾಹ್ನ ಶಿರಹಟ್ಟಿ ದಾಟಿ ಬರುವಾಗ ಆಡಿನ ಹಿಂಡು ಅಡ್ಡ ಬಂತು. ಬ್ರೇಕು ಒತ್ತಿದೆ. ಈ ಸಲ ಕಟಕ್ ಅಂದು ಸುಮ್ಮನಾಗಲಿಲ್ಲ. ಹ್ಯಾಂಡಲ್ಲು ನನ್ನ ಕೈಯಲ್ಲಿ ಗಡಗಡ ನಡುಗಿ ತನಗೆ ಬೇಕಾದ ಕಡೆ ತಿರುಗಿತು. ನಾನು, ಗಾಡಿ ಇಬ್ಬರೂ ಕೂಡಿ ಪಕ್ಕದ ಹತ್ತಿ ಹೊಲದೊಳಗೆ ಹೋಗಿ ನಿಂತೆವು. ಬೀಳಲಿಲ್ಲ, ಅದು ಹೊಲದವನ ಪುಣ್ಯ. ಆಡು ಕಾಯುವ ಮುದುಕಿ ಬಂದು, ಇಷ್ಟ ದೊಡ್ಡ ಗಾಡಿಗೆ ನಿಲ್ಲಾಕ ಬರಂಗಿಲ್ಲನು ಎಂದಳು. ಅವಳ ಅಣಕ ಮಾಡಬೇಕೆಂದೂ ನನಗೆ ಅನ್ನಿಸಲಿಲ್ಲ. ಅಂಥ ದಿನ ನನ್ನ ಆಯುಷ್ಯದಲ್ಲಿ ಕಡಿಮೆ.

ಮೆಲ್ಲಗೆ ಹೊಡೆಯುತ್ತ ಮರುದಿನ ಶೋರೂಮಿಗೆ ಹೋದೆ. ಮ್ಯಾನೇಜರ್ ಗಾಡಿಯನ್ನು ನೋಡಿದವನೇ ಖುಷಿಯಾದ. ಆ್ಯಕ್ಚುಲಿ ನೀವು ಹ್ಯಾಂಡಲ್ ಹೊರಗೆ ಬದಲಿ ಮಾಡಿಸಿದ್ದೀರಿ, ಆಗ ಏನೋ ಸಡಿಲಾಗಿದೆ, ವಾರಂಟಿ ಬರುವುದಿಲ್ಲ ಎಂದ. ಹ್ಯಾಂಡಲ್ ಹಾಕಿಸುವ ಮೊದಲೇ ಈ ತಕರಾರು ಬರೆಸಿದ್ದೇನೆ ಎಂದೆ. ಅವನು ಕಂಪ್ಯೂಟರ್ ತೆರೆದು ತೋರಿಸಿದ: ಗ್ರಾಹಕರ ಪ್ರಕಾರ ಶಬ್ದ, ಪರೀಕ್ಷಿಸಲಾಗಿ ಶಬ್ದ ಕಂಡುಬರಲಿಲ್ಲ. ಶಬ್ದ ಕಂಡುಬರುವುದಿಲ್ಲ, ಕೇಳಿಬರುತ್ತದೆ ಎಂದು ನಾನು ಕೂಗಿದೆ. ಇಷ್ಟು ಹೊತ್ತಿಗೆ ಅಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಅದೇ ಗಾಡಿಯ ಮೇಲೆ ನಾಳೆ ನಾನು ಆಡಿನ ಬದಲು ಲಾರಿಯ ಮುಂದೆ ಹೋಗಿ ನಿಂತರೆ, ಅದನ್ನೂ ಗ್ರಾಹಕರ ಪ್ರಕಾರ ಸತ್ತಿದ್ದಾರೆ ಎಂದು ಬರೆಯುತ್ತೀರಾ ಎಂದು ಕೇಳಿದೆ. ಮ್ಯಾನೇಜರ್ ಟೈ ಸರಿಮಾಡಿಕೊಂಡು, ನಮ್ಮವರು ಯಾರಾದರೂ ಕೇಳಿದ್ದರೆ ಮಾತು ಬೇರೆ ಇತ್ತು ಎಂದ.

ಆಗ ಕಾಕಾ ಕೌಂಟರಿನಿಂದ ಎದ್ದರು. ಊಟದ ಡಬ್ಬಿಯನ್ನು ಬಿಚ್ಚಲು ತೆಗೆದವರು ಹಾಗೇ ಮುಚ್ಚಿಟ್ಟು, “ನಡಿ ತಮ್ಮಾ, ನಾ ಕೇಳತೇನಿ” ಅಂದರು.

ಬೈಕಿನ ಹಿಂದಿನ ಸೀಟು ಹತ್ತಲು ಅವರು ಪಟ್ಟ ಪಾಡನ್ನು ನಾನು ಆಮೇಲೆ ಎಷ್ಟೋ ಕಡೆ ಮಾಡಿ ತೋರಿಸಿದ್ದೇನೆ. ಮೊದಲು ಎಡಗಾಲು, ಅದು ಸರಿಹೋಗದೆ ಬಲಗಾಲು, ಕೊನೆಗೆ ಕಟ್ಟೆಯ ಮೇಲೆ ನಿಂತು ಇಳಿದಂತೆ ಕೂತರು. ಎರಡೂ ಕೈಯಲ್ಲಿ ನನ್ನ ಅಂಗಿ ಹಿಡಿದರು. ಆ ಅಂಗಿಯ ಹೊಲಿಗೆ ಅಂದೇ ಬಿಚ್ಚಿತು. ಹೊರಡುವ ಮುಂದೆ ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಂಡರು. ರಸ್ತೆ ನೋಡೂದಿಲ್ಲೇನ್ರಿ ಎಂದರೆ, ಕೇಳಾಕ ಹೊಂಟೇವಿ, ನೋಡಾಕಲ್ಲ ಅಂದರು.

ಡಂಬಳದ ದಾರಿಯಲ್ಲಿ ಒಂದು ಇಳಿಜಾರಿದೆ. ಅಲ್ಲಿ ಬ್ರೇಕು ಹಿಡಿದೆ. ಕಟಕ್ ಅಂದದ್ದು ನನ್ನ ಕೈಗೆ ಗೊತ್ತಾಯಿತು, ಅವರ ಕಿವಿಗೆ ಬೀಳಲಿಲ್ಲ. ಬಿದ್ದೀತು ಹೇಗೆ? ಅವರ ಬೆನ್ನಿಗೇ ನನ್ನ ಹುಬ್ಬಳ್ಳಿಯ ಸೈಲೆನ್ಸರ್ ಗುಡುಗುತ್ತಿತ್ತು. ಅವರು ನನ್ನ ಬೆನ್ನಿಗೆ ಗುದ್ದಿ, ಈ ಡೊಳ್ಳು ಬಂದ್ ಮಾಡು ಅಂದರು. ಮತ್ತೆ ಮೇಲೇರಿದೆವು. ಇಂಜಿನ್ ಆರಿಸಿ ಗಾಡಿಯನ್ನು ಇಳಿಜಾರಿಗೆ ಸುಮ್ಮನೆ ಬಿಟ್ಟೆ. ನಾಲ್ಕುನೂರು ಸಿಸಿಯ ಗಾಡಿ ಸೈಕಲ್ಲಿನಂತೆ, ಗಾಳಿಯ ಸಪ್ಪಳವೊಂದೇ ಮಾಡುತ್ತ, ಹಿಂದೆ ಕಣ್ಣು ಮುಚ್ಚಿದ ಒಬ್ಬ ಹಿರಿಯರನ್ನು ಕೂಡಿಸಿಕೊಂಡು ಇಳಿಯಿತು. ಸೂರ್ಯಕಾಂತಿಯ ಹೊಲದಲ್ಲಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ನೋಡಿದರು. ಇಳಿಜಾರು ಮುಗಿಯುವ ಮುಂಚೆ ಬ್ರೇಕು ಒತ್ತಿದೆ.

ಕಟಕ್.

“ಅಂತು” ಎಂದರು ಕಾಕಾ, ನನ್ನ ಕಿವಿಯ ಹತ್ತಿರವೇ. ಆಮೇಲೆ, “ಇನ್ನೊಮ್ಮಿ ಅನ್ನಸು” ಅಂದರು.

ಇನ್ನೊಮ್ಮೆಯೂ ಅಂದಿತು. ಅವರು ಗದಗಿಗೆ ಬಂದು, ಡಬ್ಬಿ ಬಿಚ್ಚದೆ, ಹಸಿದ ಹೊಟ್ಟೆಯಲ್ಲೇ ಕಾರ್ಡಿನಲ್ಲಿ ಬರೆದರು: ‘ಗಾಡಿ ಕಟಕ್ ಅಂತೈತಿ. ನಾನು ಕೇಳಿದ್ದೇನೆ.’ ಕೆಳಗೆ ಸಹಿ ಹಾಕಿದರು. ಕಂಪ್ಯೂಟರಿನ ಹುಡುಗಿ ಇದರ ಮುಂದೆ ಗ್ರಾಹಕರ ಪ್ರಕಾರ ಹೇಗೆ ಹಚ್ಚಲಿ ಎಂದು ಮ್ಯಾನೇಜರನ ಮುಖ ನೋಡಿದಳು. ಹಚ್ಚಲು ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಕಂಪನಿಗೆ ಹೋಯಿತು.

ಕಂಪನಿಯ ಇಂಜಿನಿಯರ್ ಬಂದು ಮುಂದಿನ ಗಾಲಿ ಎತ್ತಿ ಅಲ್ಲಾಡಿಸಿದ. ಹ್ಯಾಂಡಲ್ಲಿನ ಕುತ್ತಿಗೆಯೊಳಗಿನ ನಟ್ಟು ಮೊದಲಿನಿಂದಲೂ ಪೂರಾ ಬಿಗಿಯಾಗಿರಲಿಲ್ಲ. ಅದೇ ಸ್ಥಿತಿಯಲ್ಲಿ ಇಷ್ಟು ದೂರ ಓಡಿದ್ದಕ್ಕೆ ಒಳಗಿನ ಬೇರಿಂಗಿನಲ್ಲಿ ಗುಳಿ ಬಿದ್ದಿದ್ದವು. ಹುಬ್ಬಳ್ಳಿಯ ಹ್ಯಾಂಡಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಇಷ್ಟು ಗುಳಿ ನಾಲ್ಕು ದಿನದಲ್ಲಿ ಬೀಳುವುದಿಲ್ಲ ಎಂದು ಅವನೇ ಹೇಳಿದ. ಬೇರಿಂಗು ಹೊಸದಾಯಿತು, ನಟ್ಟು ಬಿಗಿಯಾಯಿತು. ಪಾಡ್ಯದ ಗದ್ದಲದಲ್ಲಿ ತಪಾಸಣೆ ಮಾಡದೆ ಗಾಡಿಗಳನ್ನು ಕೊಟ್ಟಿದ್ದಕ್ಕೆ ಶೋರೂಮಿಗೆ ಛೀಮಾರಿ ಬಂತು. ಕಾಕಾ ನನ್ನ ಕಡೆ ತಿರುಗಿ, ಮುಹೂರ್ತ ಬಿಗಿ ಇತ್ತು, ನಟ್ ಸಡ್ಲ ಇತ್ತು ಎಂದು ನಕ್ಕರು. ಅವರು ನಕ್ಕದ್ದನ್ನು ಮ್ಯಾನೇಜರ್ ನೋಡಿದ.

ಆ ತಿಂಗಳು ಮುಗಿಯುವುದರೊಳಗೆ ಕಾಕಾ ಶಿರಹಟ್ಟಿಯಲ್ಲಿದ್ದರು.

ಶಿರಹಟ್ಟಿಯಲ್ಲಿ ಶೋರೂಮಿನವರದೊಂದು ಸಣ್ಣ ಶಾಖೆ ಇದೆ. ಎರಡು ಶಟರಿನ ಅಂಗಡಿ. ಒಂದರಲ್ಲಿ ಸ್ಕೂಟರು, ಇನ್ನೊಂದರಲ್ಲಿ ಟೈರು, ಎಣ್ಣೆಯ ಡಬ್ಬಿ. ಕಾಕಾ ಅವರನ್ನು ಟೈರುಗಳ ನಡುವೆ ಕೂಡಿಸಿದರು. ಬರೆಯುವ ಕೆಲಸವಿಲ್ಲ. ಯಾರಾದರೂ ಎಣ್ಣೆ ಕೇಳಿದರೆ ತೆಗೆದುಕೊಡುವುದು. ಬೆಟಗೇರಿಯಿಂದ ಗದಗಿನ ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಶಿರಹಟ್ಟಿಗೆ ಇನ್ನೊಂದು. ರಿಟೈರಾಗುವ ವಯಸ್ಸಿಗೆ ಬಂದ ಮನುಷ್ಯನಿಗೆ ಇದು ಬಡ್ತಿಯಂತೆ. ಹಾಗಂತ ಆದೇಶದಲ್ಲಿ ಇತ್ತು. ಊರಿನವರಾದರೂ ಸಿಟ್ಟಾದರೇ? ಇಲ್ಲ. ಕಾಕಾ ಸ್ವಲ್ಪ ಹೊಂದಿಕೊಂಡು ಹೋಗಬೇಕಾಗಿತ್ತು, ಒಂದು ಮಾತು ಬರೆದರೆ ಕೈಯೇನು ಸವೆಯುತ್ತಿತ್ತೇ ಎಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತವರು ಚಹಾ ಕುಡಿದರು. ಅಪ್ಪನೂ ಅವರ ಜೊತೆ ಕುಡಿದ. ಪಾನಾ ಹಿಡಿದವನನ್ನು ಎಬ್ಬಿಸಿದ್ದು ಯಾರು ಎಂದು ಕೇಳಿದ್ದಕ್ಕೆ ಅಂದು ರಾತ್ರಿ ನನ್ನ ಜೊತೆ ಮಾತು ಬಿಟ್ಟ. ಅಷ್ಟಾದರೂ ಆಯಿತು.

ನಾನು ಮ್ಯಾನೇಜರನ ಕೋಣೆಗೆ ಹೋದೆ, ಜಗಳಕ್ಕೇ ಹೋದೆ. ಅವನು ಕುರ್ಚಿ ಕೊಟ್ಟು ಕೂಡಿಸಿದ. ಬಾಗಿಲು ಮುಂದೆ ಮಾಡಿ, ಕಾಕಾ ಮತ್ತೆ ಗದಗಿನ ಕೌಂಟರಿಗೆ ಬರಬಹುದು, ಅದು ನಿಮ್ಮ ಕೈಯಲ್ಲೇ ಇದೆ ಎಂದ. ಕಂಪನಿಯವರ ಮುಂದೆ ನಾನು ಬಂದು ಒಂದು ಮಾತು ಹೇಳಿದರೆ ಸಾಕು, ಶೋರೂಮಿನ ಮೇಲಿನ ಛೀಮಾರಿ ಅಳಿಯುತ್ತದೆ. ಏನು? ಮೊದಲ ಸರ್ವಿಸ್ಸಿನ ಹೊತ್ತಿಗೆ ಗಾಡಿಯಲ್ಲಿ ಯಾವ ಶಬ್ದವೂ ಇರಲಿಲ್ಲ. ಕೌಂಟರಿನಲ್ಲಿ ಮಾಡಿದ್ದು, ಡಂಬಳದ ಇಳಿಜಾರಿನಲ್ಲಿ ಮಾಡಿದ್ದು, ಎಲ್ಲಾ ನನ್ನ ಬಾಯಿಯ ಚೇಷ್ಟೆ. ಪಾಪ, ವಯಸ್ಸಾದವರು ಮೋಸ ಹೋದರು. “ಆ್ಯಕ್ಚುಲಿ ನೀವು ಮಿಮಿಕ್ರಿ ಮಾಡ್ತೀರಂತಲ್ಲ” ಎಂದ. “ಎಲ್ಲರೂ ನಂಬ್ತಾರೆ.”

ಖರೆ ಹೇಳುತ್ತೇನೆ, ನಾನು ಒಪ್ಪಿಕೊಂಡೇ ಹೊರಗೆ ಬಂದೆ. ನನಗೇನು, ಊರಲ್ಲಿ ನನ್ನ ಮಾತನ್ನು ಮೊದಲೇ ಯಾರೂ ನಂಬುವುದಿಲ್ಲ. ಗಾಡಿ ರಿಪೇರಿಯಾಗಿದೆ. ಒಂದು ಸುಳ್ಳಿನಿಂದ ಕಾಕಾ ತಮ್ಮ ಕುರ್ಚಿಗೆ ವಾಪಸು ಬರುವುದಾದರೆ ನಾನು ಅದನ್ನು ಮೂರು ದನಿಯಲ್ಲಿ ಹೇಳಬಲ್ಲೆ. ಇದೇ ಖಬರನ್ನು ಹೇಳಲು ನೇರವಾಗಿ ಶಿರಹಟ್ಟಿಗೆ ಹೋದೆ. ಮೂಲ ಸೈಲೆನ್ಸರ್ ಅಟ್ಟದಿಂದ ಇಳಿಸಿ ಹಾಕಿಸಿದ್ದೆ. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಟೈರಿನ ಮೇಲೆ ಕೂತು ಎಣ್ಣೆ ಡಬ್ಬಿಯ ಧೂಳು ಒರೆಸುತ್ತಿದ್ದರು.

ನಾನು ಎಲ್ಲ ಹೇಳುವವರೆಗೆ ಅದೇ ಡಬ್ಬಿಯನ್ನು ಒರೆಸುತ್ತಿದ್ದರು. ಕನ್ನಡಕ ತೆಗೆಯಲೇ ಇಲ್ಲ.

“ಬಾಯಿ ನಿಂದು” ಎಂದರು. “ಅದನ್ನ ನೀ ಬೇಕಾದಂಗ ಆಡಸು. ಕಿವಿ ನಂದು. ಅದನ್ನ ಮಾರಾಕ ನಿನಗ ಯಾರ ಹೇಳಿದ್ರು?”

“ಕಾಕಾ, ಕುರ್ಚಿ ವಾಪಸ್ ಸಿಗತೈತ್ರಿ.”

“ಸಿಗತೈತಿ. ಕುಂತು ಏನ ಬರಿಯೂದು? ನಾಳೆ ಯಾಂವರ ಬಂದು ಬ್ರೇಕ್ ಹಿಡಿಯಂಗಿಲ್ಲರಿ ಅಂದ್ರ, ನಾ ಅಂವನ ಬಾಯಿ ನೋಡಬೇಕನು, ಇಂವ ಮಿಮಿಕ್ರಿ ಮಾಡತಾನೇನು ಅಂತ?” ಅವರ ದನಿ ಏರಿತು. ಅವರ ಏರಿದ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. “ಹತ್ತಿ ಹೊಲದಾಗ ಹೋಗಿ ನಿಂತಾಂವ ನೀನ. ನೀನ ಇಲ್ಲಾ ಅಂದ್ರ, ಮತ್ತ ಗಾಡಿ ಯಾರ ಮುಂದ ಅನ್ನಬೇಕು?”

ಪಕ್ಕದ ಶಟರಿನವನು ಇಣುಕಿ ನೋಡಿ ಹಿಂದೆ ಸರಿದ. ಕಾಕಾ ಮತ್ತೊಂದು ಡಬ್ಬಿ ತೆಗೆದು ಒರೆಸತೊಡಗಿದರು, ಚಹಾ ತರಿಸಿದರು, ಅಪ್ಪನ ಆರೋಗ್ಯ ಕೇಳಿದರು. ಚಹಾ ಕುಡಿಯುತ್ತ, ಆ ಮ್ಯಾನೇಜರ್ ಹೇಳಿದ್ದನ್ನು ಅವನ ದನಿಯಲ್ಲಿ ಇನ್ನೊಮ್ಮೆ ಹೇಳಿಸಿದರು. ‘ಪಾಪ, ವಯಸ್ಸಾದವರು’ ಎನ್ನುವಲ್ಲಿ ಟೈ ಮುಟ್ಟಿಕೊಂಡನೇನು ಎಂದು ಕೇಳಿದರು. ಹೌದು, ಮುಟ್ಟಿಕೊಂಡ. ಹಂಗಾದ್ರ ನೀ ಅದನ್ನ ಬಿಟ್ಟಿ, ಸೇರಿಸು ಅಂದರು.

ಕಂಪನಿಯವರ ಮುಂದೆ ನಾನು ಹೋಗಲಿಲ್ಲ. ಕಾಕಾ ಗದಗಿನ ಕೌಂಟರಿಗೆ ಮರಳಲಿಲ್ಲ. ಈಗ ಅಲ್ಲಿ ಒಬ್ಬ ಹುಡುಗ ಪರದೆ ಒತ್ತುತ್ತಾನೆ; ನೀವು ಏನು ಹೇಳಿದರೂ ಅದರಲ್ಲಿ ಮೊದಲೇ ಬರೆದದ್ದು ಬರುತ್ತದೆ. ಟೈರುಗಳ ನಡುವೆ ಕೂತೇ ಅವರ ನೌಕರಿ ಮುಗಿಯುವುದರಲ್ಲಿತ್ತು, ಅದಕ್ಕೂ ಮುಂಚೆ ಅವರೇ ಮುಗಿದರು. ಸತ್ತ ಮೇಲೆ ಆಧಾರಸ್ತಂಭ. ಬದುಕಿದ್ದಾಗ ಆ ಸ್ತಂಭಕ್ಕೆ ಒಂದು ಕುರ್ಚಿ ಇರಲಿಲ್ಲ.

ಶಿರಹಟ್ಟಿಯಲ್ಲಿ ನಾನು ಬೈಸಿಕೊಂಡ ಆ ದಿನ, ಅಂಗಡಿ ಮುಚ್ಚಿದ ಮೇಲೆ, ಅವರು ಬಸ್ಸಿಗೆ ಹೊರಟಿದ್ದರು. ನಾನು ಬಿಡಲಿಲ್ಲ, ಗೆಳೆಯನ ಹೆಲ್ಮೆಟ್ಟು ಗಾಡಿಗೆ ತೂಗುಹಾಕಿತ್ತು, ಅದನ್ನು ಅವರ ತಲೆಗೆ ಏರಿಸಿ, ಕೂಡಿಸಿಕೊಂಡು ಬೆಟಗೇರಿಗೆ ಹೊರಟೆ. ದಾರಿಯ ಪ್ರತಿ ಇಳಿಜಾರಿನಲ್ಲೂ, ಪ್ರತಿ ಉಬ್ಬಿನಲ್ಲೂ ಅವರು ನನ್ನ ಭುಜದ ಮೇಲಿಂದ ಮುಂದಕ್ಕೆ ಬಾಗುತ್ತಿದ್ದರು. ಗಾಡಿ ಬಾಯಿ ಬಿಡಲಿಲ್ಲ. ಅವರೂ ಬಿಡಲಿಲ್ಲ. ಬೆಟಗೇರಿಯ ಅವರ ಓಣಿ ಇಕ್ಕಟ್ಟು. ಮನೆಯ ಮುಂದೆ ಇಳಿದು, ಹೆಲ್ಮೆಟ್ಟು ತೆಗೆಯುವುದನ್ನು ಮರೆತು, ಅದೇ ಕರಿ ಗಾಜಿನ ಮುಖ ಹೊತ್ತುಕೊಂಡು ಬಾಗಿಲಲ್ಲಿ ಬಗ್ಗಿ ಒಳಗೆ ಹೋದರು. ಒಳಗೆ ಪಾತ್ರೆಯೊಂದು ಬಿದ್ದ ಸಪ್ಪಳವಾಯಿತು.

“ಯಾರ್ರಿ ನೀವು?” ಎಂದಿತು ಅವರ ಹೆಂಡತಿಯ ಗಾಬರಿಯ ದನಿ.

“ನಾನ” ಎಂದರು ಹೆಲ್ಮೆಟ್ಟಿನೊಳಗಿಂದ. “ಶಿರಹಟ್ಟಿ ಬ್ರಾಂಚಿನಾಂವ.”